ನೂರು ಉತ್ತರ ಬಾಯಿಪಾಠ, ಆದರೆ ತಮ್ಮದೇ ಅರ್ಜಿ ಅರ್ಥವಾಗಿರಲಿಲ್ಲ

ಆ ಅಮ್ಮ ನನ್ನ ತರಗತಿಗೆ ಬಂದಿದ್ದು ಅಮೆರಿಕದ ಪೌರತ್ವ ಇಂಟರ್‌ವ್ಯೂನಲ್ಲಿ ಒಂದು ಸಲ ಫೇಲ್ ಆದ ಮೇಲೆ. ವಯಸ್ಸು ಅರವತ್ತು ದಾಟಿತ್ತು. ಮಗನ ಮೂಲಕ ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಕಳೆದಿತ್ತು. ಕೂತ ತಕ್ಷಣ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಎಲ್ಲಾ ಕನ್ನಡ ಲಿಪಿಯಲ್ಲಿ. ‘ವಾಟ್ ಈಸ್ ದಿ ಸುಪ್ರೀಮ್ ಲಾ ಆಫ್ ದಿ ಲ್ಯಾಂಡ್? ದಿ ಕಾನ್‌ಸ್ಟಿಟ್ಯೂಷನ್.’ ಆಗ ನೂರು ಪ್ರಶ್ನೆಗಳ ಪಟ್ಟಿ ಇತ್ತು. ನಾನು ಹಿಂದೆ ಮುಂದೆ ಮಾಡಿ ಕೇಳಿದೆ. ನೂರಕ್ಕೆ ನೂರೂ ಥಟ್ ಅಂತ ಬಂತು.

“ಮತ್ತೆ ಎಲ್ಲಿ ಎಡವಟ್ಟಾಯಿತು ಅಮ್ಮಾ?” ಅಂತ ಕೇಳಿದೆ.

“ಗೊತ್ತಿಲ್ಲ ಮೇಡಂ. ಅವರು ಏನೇನೋ ಕೇಳಿದರು. ನಾನು ಮರ್ಯಾದೆಯಿಂದ ಎಲ್ಲದಕ್ಕೂ ಯೆಸ್ ಅಂದೆ.”

ಎಲ್ಲದಕ್ಕೂ ಯೆಸ್. ‘ನಿಮ್ಮನ್ನು ಯಾವತ್ತಾದರೂ ಅರೆಸ್ಟ್ ಮಾಡಿದ್ದರಾ?’ ಯೆಸ್. ‘ನಾನು ಅಮೆರಿಕದ ಪ್ರಜೆ ಅಂತ ಯಾವತ್ತಾದರೂ ಹೇಳಿಕೊಂಡಿದ್ದೀರಾ?’ ಯೆಸ್. ಅಧಿಕಾರಿ ಒಳ್ಳೆಯವರೇ ಇರಬೇಕು, ಬೇರೆ ಮಾತಿನಲ್ಲಿ ಮತ್ತೆ ಕೇಳಿದ್ದಾರೆ. ಈ ಅಮ್ಮ ಇನ್ನೂ ಜೋರಾಗಿ ಯೆಸ್ ಅಂದಿದ್ದಾರೆ. ಚರಿತ್ರೆ, ಸರ್ಕಾರದ ಪ್ರಶ್ನೆಗಳಲ್ಲಿ ಪಾಸ್. ಓದುವುದು, ಬರೆಯುವುದು ಪಾಸ್. ಇಂಗ್ಲಿಷ್ ಮಾತಿನಲ್ಲಿ ಫೇಲ್.

ಹೊಸಬರಿಗೆ ಪೌರತ್ವದ ಪಾಠ ಹೇಳಿಕೊಡುವುದು ನನ್ನ ಕೆಲಸ. ನಮ್ಮ ಕಡೆಯ ಹಿರಿಯರು ಸೋಲುವುದು ಜಾಸ್ತಿ ಇಲ್ಲೇ. ಎಲ್ಲರೂ ಹೆದರುವುದು ಚರಿತ್ರೆಯ ಪ್ರಶ್ನೆಗಳಿಗೆ. ಅಪಾಯ ಇರುವುದು ತಾವೇ ಸಹಿ ಹಾಕಿದ ಪೌರತ್ವದ ಅರ್ಜಿಯಲ್ಲಿ, ಅಂದರೆ ಎನ್-400 ಅನ್ನುವ ಫಾರ್ಮಿನಲ್ಲಿ. ಅದನ್ನು ತುಂಬಿದ್ದು ಮಗ, ಸೊಸೆ ಅಥವಾ ವಕೀಲರು. ಸಹಿ ಮಾತ್ರ ಇವರದು. ಇಂಟರ್‌ವ್ಯೂ ದಿನ ಮೇಜಿನ ಆ ಕಡೆ ಕೂತವರು ಆ ಅರ್ಜಿಯನ್ನೇ ಪುಟಪುಟವಾಗಿ ತಿರುವುತ್ತಾ ಕೇಳುತ್ತಾರೆ. ಇಂಗ್ಲಿಷ್ ಮಾತಾಡುವ ಪರೀಕ್ಷೆ ಅಂತ ಬೇರೆ ಇಲ್ಲ, ಆ ಮಾತುಕತೆಯೇ ಪರೀಕ್ಷೆ.

ಪರೀಕ್ಷೆಯ ಲೆಕ್ಕವನ್ನು ಒಮ್ಮೆ ಹೇಳಿಬಿಡುತ್ತೇನೆ. ಓದಲು ಮೂರು ವಾಕ್ಯ ಕೊಡುತ್ತಾರೆ, ಒಂದನ್ನು ಸರಿಯಾಗಿ ಓದಿದರೆ ಸಾಕು. ಬರೆಯುವುದೂ ಹಾಗೆಯೇ, ಮೂರರಲ್ಲಿ ಒಂದು. ಚರಿತ್ರೆ ಮತ್ತು ಸರ್ಕಾರದ ಭಾಗದಲ್ಲಿ ಈಗ ಎರಡು ಪಟ್ಟಿ ಇವೆ. 2025ರ ಅಕ್ಟೋಬರ್ 20ಕ್ಕಿಂತ ಮುಂಚೆ ಅರ್ಜಿ ಹಾಕಿದವರಿಗೆ 2008ರ ಪಟ್ಟಿ: 100 ಪ್ರಶ್ನೆ, ಅದರಲ್ಲಿ 10 ಕೇಳುತ್ತಾರೆ, 6 ಸರಿಯಾಗಬೇಕು. ಆ ದಿನ ಅಥವಾ ಆಮೇಲೆ ಹಾಕಿದವರಿಗೆ ಹೊಸ ಪಟ್ಟಿ: 128 ಪ್ರಶ್ನೆ, 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. 12 ಸರಿಯಾದ ಕೂಡಲೇ ನಿಲ್ಲಿಸುತ್ತಾರೆ, 9 ತಪ್ಪಾದರೂ ನಿಲ್ಲಿಸುತ್ತಾರೆ. ಇಂಟರ್‌ವ್ಯೂ ಯಾವತ್ತು ಅನ್ನುವುದು ಇಲ್ಲಿ ಮುಖ್ಯವಲ್ಲ, ಅರ್ಜಿ ಹಾಕಿದ ದಿನ ಮುಖ್ಯ. ಪಕ್ಕದ ಮನೆಯವರು ಕೊಟ್ಟ ಹಳೆ ಕಾರ್ಡುಗಳನ್ನು ಉರು ಹೊಡೆಯುವ ಮುಂಚೆ ಇದನ್ನು ನೋಡಿಕೊಳ್ಳಿ.

ಇನ್ನೊಂದು ವಿಷಯ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಅರ್ಜಿ ಹಾಕುವಾಗ ಐವತ್ತು ವರ್ಷ ತುಂಬಿ, ಗ್ರೀನ್ ಕಾರ್ಡ್‌ನಲ್ಲಿ ಇಪ್ಪತ್ತು ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಐವತ್ತೈದು ತುಂಬಿ ಹದಿನೈದು ವರ್ಷ ಇದ್ದವರಿಗೂ ಇಲ್ಲ. ಅವರು ದುಭಾಷಿಯನ್ನು ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಹೇಳಬಹುದು. ಅರವತ್ತೈದು ತುಂಬಿ ಇಪ್ಪತ್ತು ವರ್ಷ ಇದ್ದವರಿಗೆ ಇನ್ನೂ ಹಗುರ: ನಕ್ಷತ್ರದ ಗುರುತು ಇರುವ 20 ಪ್ರಶ್ನೆ ಮಾತ್ರ ಓದಿದರೆ ಸಾಕು, 10 ಕೇಳುತ್ತಾರೆ, 6 ಸರಿಯಾಗಬೇಕು. ಕಾಯಿಲೆಯಿಂದ ಕಲಿಯಲು ಆಗದವರಿಗೆ ಡಾಕ್ಟರ್ ತುಂಬಿಕೊಡುವ ಎನ್-648 ಅನ್ನುವ ಫಾರ್ಮ್ ಇದೆ. ನನ್ನ ತರಗತಿಯ ಆ ಅಮ್ಮನಿಗೆ ಇದು ಯಾವುದೂ ಒದಗಲಿಲ್ಲ. ಮಕ್ಕಳ ಮೂಲಕ ಇಳಿವಯಸ್ಸಿನಲ್ಲಿ ಬಂದವರಿಗೆ ಒದಗುವುದೇ ಕಡಿಮೆ, ಅಷ್ಟು ವರ್ಷ ಆಗಿರುವುದಿಲ್ಲ.

ಫೇಲ್ ಆದವರನ್ನು 60ರಿಂದ 90 ದಿನದೊಳಗೆ ಇನ್ನೊಮ್ಮೆ ಕರೆಯುತ್ತಾರೆ. ನಮಗೆ ಎರಡು ತಿಂಗಳು ಇತ್ತು.

ಮೊದಲ ವಾರ ನೋಟ್‌ಬುಕ್ ತೆಗೆಯಲೇ ಬಿಡಲಿಲ್ಲ. ಅರ್ಜಿಯ ಪ್ರತಿ ತರಿಸಿದೆ. ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಹೇಳಿ, ಕನ್ನಡದಲ್ಲೇ ಉತ್ತರ ಕೇಳಿದೆ. ಇಂಗ್ಲಿಷ್ ಆಮೇಲೆ. ‘ಹ್ಯಾವ್ ಯು ಎವರ್’ ಅಂದರೆ ‘ಹುಟ್ಟಿದಾಗಿನಿಂದ ಇವತ್ತಿನವರೆಗೆ ಯಾವತ್ತಾದರೂ’. ಇದು ಒಳಗೆ ಇಳಿಯಲಿಕ್ಕೇ ಮೂರು ದಿನ ಹಿಡಿಯಿತು. ‘ಆರ್ ಯು ವಿಲ್ಲಿಂಗ್’ ಅಂದರೆ ‘ಮುಂದೆ ಮಾಡಲು ಒಪ್ಪುತ್ತೀರಾ’. ಮೊದಲನೆಯದು ಹಿಂದೆ ನೋಡುವ ಪ್ರಶ್ನೆ, ಎರಡನೆಯದು ಮುಂದೆ ನೋಡುವ ಪ್ರಶ್ನೆ. ‘ಮೊದಲು ಎಲ್ಲದಕ್ಕೂ ನೋ ಅನ್ನು, ಕೊನೆಗೆ ಎಲ್ಲದಕ್ಕೂ ಯೆಸ್ ಅನ್ನು’ ಅಂತ ಮನೆಯಲ್ಲಿ ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಹೇಳಿಕೊಡಬೇಡಿ. ಅಧಿಕಾರಿ ನಡುವೆ ನಿಲ್ಲಿಸಿ ‘ವಾಟ್ ಡಸ್ ದಟ್ ಮೀನ್?’ ಅಂದರೆ ಅಲ್ಲಿಗೆ ಮುಗಿಯಿತು.

ಕೆಲವು ಮಾತುಗಳನ್ನು ನಾನು ಪ್ರತ್ಯೇಕವಾಗಿ ಕೂತು ಬಿಡಿಸುತ್ತೇನೆ. ‘ಬೇರ್ ಆರ್ಮ್ಸ್’ ಅಂದರೆ ಆಯುಧ ಹಿಡಿಯುವುದು. ಎಷ್ಟೋ ಜನ ‘ಬೇರ್’ ಅಂದರೆ ಕರಡಿ, ‘ಆರ್ಮ್ಸ್’ ಅಂದರೆ ತೋಳು ಅಂದುಕೊಂಡು ಗಾಬರಿಯಾಗಿರುತ್ತಾರೆ. ‘ಓತ್’ ಅಂದರೆ ಪ್ರಮಾಣ. ‘ಅಲೀಜಿಯನ್ಸ್’ ಅಂದರೆ ನಿಷ್ಠೆ. ‘ಕ್ಲೇಮ್ಡ್’ ಅಂದರೆ ಹೇಳಿಕೊಂಡಿದ್ದು. ಅದರ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಅದರ ಹಿಂದೆ ನಿಜವಾದ ತೊಂದರೆ ಇರಬಹುದು. 1993ರ ಒಂದು ಕಾನೂನಿನಿಂದ ಬಹುತೇಕ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಡೆಯೇ ಮತದಾರರ ಪಟ್ಟಿಗೂ ಹೆಸರು ಸೇರಿಸಬಹುದು. ಕೌಂಟರಿನಲ್ಲಿ ಕೇಳಿದ್ದು ಅರ್ಥವಾಗದೆ ತಲೆ ಆಡಿಸಿ ಸಹಿ ಹಾಕಿಬಿಟ್ಟರೆ, ಪ್ರಜೆ ಅಲ್ಲದವರು ಪ್ರಜೆ ಅಂತ ಹೇಳಿಕೊಂಡ ಹಾಗೆ ಆಗುತ್ತದೆ. ಅಂಥದ್ದು ಏನಾದರೂ ನಡೆದಿದೆ ಅನ್ನುವ ಸಣ್ಣ ಅನುಮಾನ ಬಂದರೂ ಅರ್ಜಿ ಹಾಕುವ ಮುಂಚೆಯೇ ವಲಸೆ ವಕೀಲರನ್ನು ನೋಡಿ. ನಾನು ಟೀಚರ್, ವಕೀಲೆ ಅಲ್ಲ. ಅದನ್ನು ಮುಚ್ಚಿಟ್ಟು ‘ನೋ’ ಅನ್ನಲು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಅಲ್ಲಿ ಕೂರುವ ಮುಂಚೆ ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿರುತ್ತಾರೆ.

ತಲೆ ಆಡಿಸುವ ವಿಷಯ ಬಂತು. ನಾವು ತಲೆ ಆಡಿಸುವ ರೀತಿ ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ‘ಹ್ಞೂಂ’ ಕೂಡ ಸಾಲದು. ಬಾಯಿಬಿಟ್ಟು ಯೆಸ್ ಅಥವಾ ನೋ ಅನ್ನಬೇಕು. ಇದನ್ನು ತರಗತಿಯಲ್ಲಿ ಒಂದು ಆಟದ ಥರ ಆಡಿಸುತ್ತೇನೆ: ತಲೆ ಅಲ್ಲಾಡಿದರೆ ಪ್ರಶ್ನೆ ಮತ್ತೆ ಮೊದಲಿಂದ.

ಆದರೆ ಎಲ್ಲಕ್ಕಿಂತ ಕಷ್ಟವಾಗಿದ್ದು ಒಂದು ಸಣ್ಣ ವಾಕ್ಯ. ‘ಸಾರಿ, ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಅಗೇನ್.’ ಆ ಅಮ್ಮನಿಗೆ ಇದು ಬಾಯಿಗೇ ಬರುತ್ತಿರಲಿಲ್ಲ. ಮಾತು ಕಷ್ಟ ಅಂತಲ್ಲ, ನಾಚಿಕೆ. ದೊಡ್ಡ ಅಧಿಕಾರಿ ಎದುರಿಗೆ ಕೂತು ಗೊತ್ತಾಗಲಿಲ್ಲ ಅನ್ನುವುದು ಅಗೌರವ ಅನ್ನುವ ಭಾವನೆ. ನಮ್ಮ ಶಾಲೆಗಳಲ್ಲಿ ಮೇಷ್ಟ್ರಿಗೆ ‘ಅರ್ಥ ಆಗಲಿಲ್ಲ ಸಾರ್’ ಅನ್ನಲು ಎಷ್ಟು ಜನರಿಗೆ ಧೈರ್ಯ ಇತ್ತು ಹೇಳಿ? ಅದೇ ಅಭ್ಯಾಸ ಇಲ್ಲಿಗೂ ಬಂದಿದೆ. ಅಧಿಕಾರಿ ಮತ್ತೆ ಕೇಳಬೇಕು, ಅರ್ಥವಾಗದಿದ್ದರೆ ಬೇರೆ ಮಾತಿನಲ್ಲಿ ಕೇಳಬೇಕು, ಅದು ಅವರ ಕೆಲಸ ಅಂತ ಹೇಳಿದೆ. “ಅವರಿಗೆ ಬೇಜಾರಾಗಲ್ವಾ?” ಅಂದರು. “ನೀವು ಅರ್ಥವಾಗದೆ ಯೆಸ್ ಅಂದರೆ ಅವರ ಕೆಲಸ ಇನ್ನೂ ಜಾಸ್ತಿ ಅಮ್ಮಾ” ಅಂದೆ. ಆವತ್ತಿಂದ ದಿನಕ್ಕೆ ಇಪ್ಪತ್ತು ಸಲ ಆ ವಾಕ್ಯ ಹೇಳಿಸಿದೆ. ಬೇಕೆಂದೇ ಗೊಣಗುತ್ತಾ ಪ್ರಶ್ನೆ ಕೇಳುತ್ತಿದ್ದೆ. ಸೊಸೆಗೂ ಮನೆಯಲ್ಲಿ ಹಾಗೇ ಮಾಡಲು ಹೇಳಿದೆ.

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಅಪ್ಪನ ಹೆಸರೋ ಊರಿನ ಹೆಸರೋ ಆಗಿ ಹಿಗ್ಗುತ್ತದೆ, ಮದುವೆಯಾದ ಮೇಲೆ ಗಂಡನ ಹೆಸರು ಸೇರುತ್ತದೆ. ಅರ್ಜಿಯಲ್ಲಿ ಹುಟ್ಟಿದಾಗಿನಿಂದ ಬಳಸಿದ ಬೇರೆ ಹೆಸರುಗಳನ್ನು ಕೇಳುತ್ತಾರೆ. ಇದನ್ನು ಎರಡು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಲು ಕಲಿಯಬೇಕು. ಇನ್ನು ಕಾಯುವ ಕೋಣೆಯಲ್ಲಿ ನಿಮ್ಮ ಹೆಸರನ್ನು ನೀವು ಊಹಿಸದ ಥರ ಕೂಗುತ್ತಾರೆ, ಕಿವಿ ಚುರುಕಾಗಿರಲಿ. ಅಲ್ಲಿಂದ ಒಳಗೆ ನಡೆಯುವಾಗ ‘ಹೌ ವಾಸ್ ದಿ ಡ್ರೈವ್?’ ಅಂತ ಕೇಳುವುದೂ ಸುಮ್ನೆ ಅಲ್ಲ, ನಿಮ್ಮ ಇಂಗ್ಲಿಷ್ ಕೇಳಿಸಿಕೊಳ್ಳುವುದು ಅಲ್ಲಿಂದಲೇ ಶುರು.

ಚರಿತ್ರೆಯ ಪ್ರಶ್ನೆಗಳಿಗೆ ಬರೋಣ. ಹೊಸ ಪಟ್ಟಿಯಲ್ಲಿ ‘ಯಾಕೆ’ ಅನ್ನುವ ಪ್ರಶ್ನೆಗಳಿವೆ. ಪ್ರತಿ ರಾಜ್ಯಕ್ಕೂ ಯಾಕೆ ಇಬ್ಬರೇ ಸೆನೆಟರ್‌ಗಳು, ಅಂದರೆ ಮೇಲ್ಮನೆಯ ಸದಸ್ಯರು? ಕೆಳಮನೆಯವರ ಅವಧಿ ಸೆನೆಟರ್‌ಗಳಿಗಿಂತ ಯಾಕೆ ಕಡಿಮೆ? ಮೊದಲ ಹದಿಮೂರು ರಾಜ್ಯಗಳಲ್ಲಿ ಹಿಂದೆ ಮೂರು ಹೆಸರು ಹೇಳಿದರೆ ಸಾಕಿತ್ತು, ಈಗ ಐದು ಹೇಳಬೇಕು. ಬರೀ ಬಾಯಿಪಾಠ ಇಲ್ಲಿ ಕೈಕೊಡುತ್ತದೆ. ನಮಗೆ ಗೊತ್ತಿರುವುದರ ಜೊತೆ ಗಂಟು ಹಾಕಿಕೊಂಡರೆ ನಿಲ್ಲುತ್ತದೆ.

ನಮಗೆ ಬೇಕಾದಷ್ಟು ಗೊತ್ತಿದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಹೈಸ್ಕೂಲಿನಲ್ಲಿ ಓದಿದ್ದೇವೆ. ಇಲ್ಲಿಯೂ ಅವೇ ಮೂರು. ಅಮೆರಿಕದ ಸಂವಿಧಾನದ ಮೊದಲ ಮೂರು ಶಬ್ದ ‘ವಿ ದಿ ಪೀಪಲ್’. ನಮ್ಮ ಪೀಠಿಕೆಯ ಇಂಗ್ಲಿಷ್ ಪಾಠವೂ ಹಾಗೇ ಶುರುವಾಗುತ್ತದೆ. ಸೆನೆಟರ್ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗಕ್ಕೆ ಚುನಾವಣೆ. ನಮ್ಮ ರಾಜ್ಯಸಭೆಯ ಲೆಕ್ಕವೂ ಅದೇ. ಲೋಕಸಭೆಗೆ ಐದು ವರ್ಷ, ಇಲ್ಲಿನ ಕೆಳಮನೆಗೆ ಎರಡೇ ವರ್ಷ. ಬೇಗ ಬೇಗ ಜನರ ಮುಂದೆ ಹೋಗಬೇಕು, ಜನರ ಮಾತು ಕೇಳಬೇಕು ಅಂತ. ‘ಯಾಕೆ’ಗೆ ಉತ್ತರ ಸಿಕ್ಕಿತಲ್ಲ. ಒಂದು ವ್ಯತ್ಯಾಸ ನೆನಪಿಡಿ: ರಾಜ್ಯಸಭೆಯಲ್ಲಿ ದೊಡ್ಡ ರಾಜ್ಯಕ್ಕೆ ಜಾಸ್ತಿ ಸೀಟು, ಸೆನೆಟ್‌ನಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಎರಡೇ.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಯಾರ್ಕ್‌ಟೌನ್ ಹೆಸರು ನೆನಪಿಗೆ ಬರುತ್ತಿಲ್ಲ ಅನ್ನುವವರಿಗೆ ನಾನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಕಥೆ ಹೇಳುತ್ತೇನೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ ಸೈನ್ಯಕ್ಕೆ ಶರಣಾದದ್ದು ಅವನ ಪಡೆ. ಐದು ವರ್ಷದ ನಂತರ ಅವನೇ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ. “ಅಯ್ಯೋ, ಅವನೇನಾ ಇವನು!” ಅಂದರು ಆ ಅಮ್ಮ. ಅವರು ಯಾರ್ಕ್‌ಟೌನ್ ಅನ್ನು ಮತ್ತೆ ಮರೆತಿದ್ದು ನಾನು ನೋಡಲಿಲ್ಲ.

ಗೊತ್ತಿರುವುದೇ ಕಾಲು ಎಳೆಯುವುದೂ ಉಂಟು. ಕಾನೂನು ಮಾಡುವುದು ಕಾಂಗ್ರೆಸ್ ಅಂದರೆ, “ಅದು ಪಕ್ಷ ಅಲ್ವಾ ಮೇಡಂ?” ಅಂತ ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ಇಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು. ‘ಫಾದರ್ ಆಫ್ ಅವರ್ ಕಂಟ್ರಿ’ ಅಂದ ಕೂಡಲೇ ಬಾಯಿಗೆ ಗಾಂಧೀಜಿ ಬರುತ್ತಾರೆ, ಇಂಡಿಪೆಂಡೆನ್ಸ್ ಡೇ ಅಂದರೆ ಆಗಸ್ಟ್ 15. ಅಲ್ಲಿ ಬೇಕಾದದ್ದು ಜಾರ್ಜ್ ವಾಷಿಂಗ್ಟನ್ ಮತ್ತು ಜುಲೈ 4. ಗವರ್ನರ್ ಅಂದರೆ ಕೇಂದ್ರದವರು ನೇಮಿಸಿದ ರಾಜ್ಯಪಾಲರಲ್ಲ, ಜನ ಆರಿಸಿದ ರಾಜ್ಯದ ಮುಖ್ಯಸ್ಥ. ರಾಜಧಾನಿ ಅಂದರೆ ದೊಡ್ಡ ಊರು ಅಂದುಕೊಳ್ಳಬೇಡಿ. ಟೆಕ್ಸಸ್‌ಗೆ ಆಸ್ಟಿನ್, ಕ್ಯಾಲಿಫೋರ್ನಿಯಾಕ್ಕೆ ಸ್ಯಾಕ್ರಮೆಂಟೊ, ನ್ಯೂಯಾರ್ಕ್‌ಗೆ ಆಲ್ಬನಿ. ಅಧ್ಯಕ್ಷರು, ಸ್ಪೀಕರ್, ನಿಮ್ಮ ಸೆನೆಟರ್ ಇವರ ಹೆಸರುಗಳನ್ನು ಇಂಟರ್‌ವ್ಯೂ ಹಿಂದಿನ ವಾರ ಯುಎಸ್‌ಸಿಐಎಸ್ (ಅಮೆರಿಕದ ಪೌರತ್ವ, ವಲಸೆ ಇಲಾಖೆ) ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ನಡುವೆ ಚುನಾವಣೆ ಆಗಿರಬಹುದು.

ಬರೆಯುವುದಕ್ಕೆ ಹೆಚ್ಚು ಚಿಂತೆ ಬೇಡ. ಯಾವ ಶಬ್ದಗಳು ಬರುತ್ತವೆ ಅನ್ನುವ ಪಟ್ಟಿಯನ್ನು ಅವರೇ ಕೊಟ್ಟಿದ್ದಾರೆ. ಫೆಬ್ರವರಿಯ ಮೊದಲ ‘ಆರ್’ ಬಿಟ್ಟುಹೋಗುವುದು ಒಂದು ಕಷ್ಟ. ಅರ್ಥ ಕೆಡದ ಸಣ್ಣ ತಪ್ಪಿಗೆ ಫೇಲ್ ಮಾಡುವುದಿಲ್ಲ. ದಿನಕ್ಕೆ ಐದು ವಾಕ್ಯ ಯಾರಾದರೂ ಓದಿ ಹೇಳಿ ಇವರು ಬರೆದರೆ ಸಾಕು. ಆದರೆ ಕನ್ನಡ ಲಿಪಿಯ ನೋಟ್‌ಬುಕ್ ಒಂದನ್ನೇ ನೆಚ್ಚಿಕೊಂಡರೆ ಇಲ್ಲಿ ಸಿಕ್ಕಿಬೀಳುತ್ತಾರೆ, ಇಂಗ್ಲಿಷ್ ಅಕ್ಷರ ಕೈಗೆ ಕೂರಬೇಕು.

ಎರಡನೇ ಇಂಟರ್‌ವ್ಯೂಗೆ ಆ ಅಮ್ಮ ಒಬ್ಬರೇ ಒಳಗೆ ಹೋದರು. ಮಗ ಹೊರಗೆ ಕೂತಿದ್ದ. ಇಪ್ಪತ್ತು ನಿಮಿಷದಲ್ಲಿ ಬಂದರು. ಸಂಜೆ ನನಗೆ ಫೋನ್ ಮಾಡಿದರು. ಮೂರು ಸಲ ‘ಪ್ಲೀಸ್ ಸೇ ಅಗೇನ್’ ಅಂದರಂತೆ. ಮೂರು ಸಲವೂ ಆ ಅಧಿಕಾರಿ ನಿಧಾನವಾಗಿ ಮತ್ತೆ ಕೇಳಿದರಂತೆ. ‘ಅರೆಸ್ಟ್’ ಅಂದಾಗ “ನೋ ಸಾರ್, ನೆವರ್ ಪೊಲೀಸ್” ಅಂದೆ ಅಂತ ಹೇಳಿ ನಕ್ಕರು. ಪಾಸ್.

ಫೇಲ್ ಆದ ಭಾಗವನ್ನು ಮಾತ್ರ ಎರಡನೇ ಸಲ ಕೇಳುತ್ತಾರೆ ಅಂತ ನಾನು ಮೊದಲೇ ಹೇಳಿದ್ದೆ. ಆದರೂ ಹಿಂದಿನ ರಾತ್ರಿ ಕೂತು ನೂರೂ ಪ್ರಶ್ನೆ ಮತ್ತೆ ಓದಿಕೊಂಡಿದ್ದರು. “ಯಾರ್ಕ್‌ಟೌನ್ ಕೇಳಲೇ ಇಲ್ಲ ಮೇಡಂ” ಅಂದರು. ಕಾಯುವ ಕೋಣೆಯಲ್ಲಿ ಪಕ್ಕ ಕೂತಿದ್ದ ಗುಜರಾತಿ ಅಜ್ಜಿಗೆ ಕಾರ್ನ್‌ವಾಲಿಸ್ ಕಥೆ ಹೇಳಿ ಬಂದಿದ್ದರಂತೆ, ಅರ್ಧ ಹಿಂದಿಯಲ್ಲಿ, ಅರ್ಧ ಕೈಸನ್ನೆಯಲ್ಲಿ.