ವೇಗ ಹೆಚ್ಚಿದರೂ ಕುಗ್ಗದ ಹತ್ತು ನ್ಯಾನೊಸೆಕೆಂಡ್

ಡಿಡಿಆರ್4-3200 ರ‍್ಯಾಮ್ ಸ್ಟಿಕ್ಕಿನ ಮೇಲೆ 16-18-18-38 ಎಂಬಂಥ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೆಮೊರಿ ಟೈಮಿಂಗ್ ಎನ್ನುವ ಈ ಅಂಕಿಗಳು ತಿಳಿಸುವುದು ಕಾಲವನ್ನಲ್ಲ, ಕ್ಲಾಕಿನ ಮಿಡಿತಗಳ ಎಣಿಕೆಯನ್ನು. ಪ್ರತಿ ಮಿಡಿತಕ್ಕೆ ಎರಡು ಬಾರಿ ದತ್ತಾಂಶ ಸಾಗುವುದರಿಂದ 3200ರ ರ‍್ಯಾಮಿನ ಕ್ಲಾಕ್ 1600 ಮೆಗಾಹರ್ಟ್ಸ್, ಒಂದು ಮಿಡಿತದ ಅವಧಿ 0.625 ನ್ಯಾನೊಸೆಕೆಂಡ್. ಹಾಗಾಗಿ ಮೊದಲ ಅಂಕಿಯಾದ ಸಿಎಲ್ 16 ಎಂದರೆ ದತ್ತಾಂಶ ಕೇಳಿದ ಮೇಲೆ ಅದು ಬರುವವರೆಗೆ 10 ನ್ಯಾನೊಸೆಕೆಂಡುಗಳ ಕಾಯುವಿಕೆ. ಡಿಡಿಆರ್5-6000ದಲ್ಲಿ ಸಿಎಲ್ 30 ಇದ್ದರೂ ಲೆಕ್ಕ 10ಕ್ಕೇ ಬರುತ್ತದೆ. ಹಳೆಯ ಡಿಡಿಆರ್-400ರ ಸಿಎಲ್ 2ಕ್ಕೂ ಅಷ್ಟೇ. ಇಷ್ಟು ವರ್ಷಗಳಲ್ಲಿ ಹೆಚ್ಚಿರುವುದು ಸೆಕೆಂಡಿಗೆ ಸಾಗುವ ದತ್ತಾಂಶದ ಪ್ರಮಾಣವೇ ಹೊರತು, ಕಾಯುವ ಕಾಲ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಇದಕ್ಕೆ ಕಾರಣ ಮೆಮೊರಿ ಕೋಶದ ರಚನೆ. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಇಂದಿಗೂ ಒಂದು ಬಿಟ್ ಉಳಿಯುವುದು ಒಂದು ಟ್ರಾನ್ಸಿಸ್ಟರ್ ಕಾಯುವ ಪುಟ್ಟ ಕೆಪಾಸಿಟರಿನ ವಿದ್ಯುದಾವೇಶದಲ್ಲಿ. ಸಾಲೊಂದನ್ನು ತೆರೆದಾಗ ಆ ಆವೇಶ ಉದ್ದನೆಯ ತಂತಿಗೆ ಹರಿದು ಅತ್ಯಲ್ಪ ವೋಲ್ಟೇಜ್ ವ್ಯತ್ಯಾಸ ಉಂಟುಮಾಡುತ್ತದೆ. ಅದು ಸೊನ್ನೆಯೋ ಒಂದೋ ಎಂದು ಸ್ಪಷ್ಟವಾಗುವಷ್ಟು ವರ್ಧಿಸಲು ಬೇಕಾದ ಕಾಲವೇ ಎರಡನೆಯ ಅಂಕಿಯಾದ ಟಿಆರ್‌ಸಿಡಿ. ಓದುವಾಗ ಬರಿದಾದ ಕೋಶವನ್ನು ಮತ್ತೆ ತುಂಬುವವರೆಗೆ ಸಾಲನ್ನು ತೆರೆದಿಡುವ ಅವಧಿ ನಾಲ್ಕನೆಯ ಅಂಕಿಯಾದ ಟಿಆರ್‌ಎಎಸ್, ಅದನ್ನು ಮುಚ್ಚಿ ಮುಂದಿನ ಸಾಲಿಗೆ ಸಜ್ಜಾಗುವ ಅವಧಿ ಮೂರನೆಯದಾದ ಟಿಆರ್‌ಪಿ. ಕ್ಲಾಕನ್ನು ಎಷ್ಟೇ ಏರಿಸಿದರೂ ಈ ಭೌತಿಕ ಕ್ರಿಯೆಗಳು ಅವಸರಪಡುವುದಿಲ್ಲ. ಸಿಎಲ್ 16ನ್ನೇ ಉಳಿಸಿಕೊಂಡು 3600ಕ್ಕೆ ಏರಿಸಿದರೆ ಚಿಪ್ಪಿಗೆ ಸಿಗುವುದು 8.9 ನ್ಯಾನೊಸೆಕೆಂಡ್ ಮಾತ್ರ. ತಯಾರಕರು ಬಿಟ್ಟಿರುವ ಸುರಕ್ಷತಾ ಅಂತರ ಮತ್ತು 1.2ರಿಂದ 1.35ಕ್ಕೆ ಏರಿಸಿದ ವೋಲ್ಟೇಜು ಅದನ್ನು ಸಾಧ್ಯವಾಗಿಸಬಹುದು. ಆದರೆ ಬಹಳಷ್ಟು ಚಿಪ್‌ಗಳಲ್ಲಿ ಟಿಆರ್‌ಸಿಡಿ ವೋಲ್ಟೇಜಿಗೂ ಬಗ್ಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಸ್ಟಿಕ್ಕಿನ ಮೇಲೆ ಅಚ್ಚಾಗದ, ಒಂದು ರಿಫ್ರೆಶ್‌ಗೆ (ಕೋಶಗಳ ಆವೇಶವನ್ನು ಮತ್ತೆ ತುಂಬುವುದಕ್ಕೆ) ಹಿಡಿಯುವ ಕಾಲವಾದ ಟಿಆರ್‌ಎಫ್‌ಸಿ ಇನ್ನೂ ಹೆಚ್ಚಿನ ಗಮನಕ್ಕೆ ಯೋಗ್ಯವಾದುದು. ಆವೇಶ ಸದಾ ಸೋರುವುದರಿಂದ ಡಿಡಿಆರ್4ರಲ್ಲಿ 7.8 ಮೈಕ್ರೊಸೆಕೆಂಡಿಗೊಮ್ಮೆ ರಿಫ್ರೆಶ್ ಆಜ್ಞೆ ಹೋಗುತ್ತದೆ. 8 ಗಿಗಾಬಿಟ್ ಚಿಪ್ಪು ಪ್ರತಿ ಸಲ 350 ನ್ಯಾನೊಸೆಕೆಂಡ್ ಬೇರೇನೂ ಮಾಡದೆ ನಿಲ್ಲುತ್ತದೆ, ಎಂದರೆ ಒಟ್ಟು ಕಾಲದ ಸುಮಾರು 4.5 ಶೇಕಡಾ ನಷ್ಟ. ಟಿಆರ್‌ಎಫ್‌ಸಿಯನ್ನು ಇಳಿಸಿ, ಎರಡು ರಿಫ್ರೆಶ್‌ಗಳ ನಡುವಿನ ಅಂತರವನ್ನು ಹಿಗ್ಗಿಸಿದರೆ ಆ ನಷ್ಟ ತಗ್ಗುತ್ತದೆ. ಆದರೆ ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡು ಪಟ್ಟು ಬೇಗ ರಿಫ್ರೆಶ್ ಆಗಬೇಕೆಂದು ಮಾನದಂಡವೇ ಹೇಳುತ್ತದೆ. ಇಲ್ಲಿ ಎಡವಿದರೆ ಕಂಪ್ಯೂಟರ್ ನಿಲ್ಲಲೇಬೇಕೆಂದಿಲ್ಲ. ಸೇವ್ ಮಾಡಿದ ಫೈಲಿನಲ್ಲಿ ಒಂದು ಬಿಟ್ ಸದ್ದಿಲ್ಲದೆ ಬದಲಾಗಬಹುದು. ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಾ ತಂತ್ರಾಂಶ ಓಡುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುತ್ತದೆ, ಸ್ಟಿಕ್ಕುಗಳು ತಣ್ಣಗಿರುತ್ತವೆ. ಆದ್ದರಿಂದ ಅದರಲ್ಲಿ ತೇರ್ಗಡೆಯಾದ ಟೈಮಿಂಗ್‌ಗಳನ್ನು, ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಕ್ಯಾಬಿನೆಟ್ಟಿನ ಒಳಗಾಳಿ ಬಿಸಿಯೇರಿರುವಾಗ ಇನ್ನೊಮ್ಮೆ ಪರೀಕ್ಷಿಸುವುದು ಅಗತ್ಯ.