ಆಫ್ರಿಕಾ ಪಕ್ಕದ ಮಡಗಾಸ್ಕರ್‌ಗೆ ಇಂಡೋನೇಷ್ಯಾ ಭಾಷೆ, ವಾದ್ಯ, ಭತ್ತ ಹೇಗೆ ಬಂತು?

ಪ್ರಶ್ನೆ: ಮಡಗಾಸ್ಕರ್ ಇರೋದು ಆಫ್ರಿಕಾ ಪಕ್ಕ, ಆದ್ರೆ ಅಲ್ಲಿನ ಭಾಷೆ ಇಂಡೋನೇಷ್ಯಾ ಕಡೇದು ಅಂತಾರೆ. ಬರೀ ವ್ಯಾಪಾರದಿಂದ ಹೀಗಾಯ್ತಾ, ಇಲ್ಲಾ ಜನಾನೇ ಬಂದ್ರಾ?

ಉತ್ತರ: ಜನಾನೇ ಬಂದ್ರು. ಆಫ್ರಿಕಾ ದಡದಿಂದ ಮಡಗಾಸ್ಕರ್‌ಗೆ ಸುಮಾರು 400 ಕಿ.ಮೀ., ಇಂಡೋನೇಷ್ಯಾ ಕಡೆಯ ಬೋರ್ನಿಯೋ ದ್ವೀಪದಿಂದ ಹೆಚ್ಚುಕಮ್ಮಿ 7,000 ಕಿ.ಮೀ., ಅಷ್ಟು ದೂರ ಇದ್ರೂ ಮಡಗಾಸ್ಕರ್‌ನ ಮಲಗಾಸಿ ಭಾಷೆಗೆ ತುಂಬಾ ಹತ್ತಿರದ ನೆಂಟ ಬೋರ್ನಿಯೋದ ಬರಿಟೋ ನದಿ ಸೀಮೆಯ ಮಾನ್ಯಾನ್ ಭಾಷೆ ಅಂತ ನಾರ್ವೆಯ ಭಾಷಾತಜ್ಞ ಒಟ್ಟೋ ಡಾಲ್ 1951ರಲ್ಲೇ ತೋರಿಸಿದ್ರು. ಸರಕು ಕೈಯಿಂದ ಕೈಗೆ ದಾಟಿ ಎಲ್ಲಿಗೆ ಬೇಕಾದ್ರೂ ಹೋಗುತ್ತೆ, ಆದ್ರೆ ಮನೆಮಾತು ಹಂಗೆ ಹೋಗಲ್ಲ, ಅದಕ್ಕೆ ಸಂಸಾರ ಸಮೇತ ಬಂದು ನೆಲೆಸೋ ಜನ ಬೇಕು.

ಇನ್ನು ವಸ್ತುಗಳು. ಮಡಗಾಸ್ಕರ್‌ನಲ್ಲಿ ವಲಿಹಾ ಅಂತ ಒಂದು ವಾದ್ಯ ಇದೆ, ಬಿದಿರಿನ ಕೊಳವೆ, ಹಿಂದೆ ಅದೇ ಬಿದಿರಿನ ಸಿಪ್ಪೆನ ಸೀಳಿ ಎಬ್ಬಿಸಿ ತಂತಿ ಮಾಡ್ತಿದ್ರು, ಇಂಥದ್ದೇ ವಾದ್ಯ ಬೋರ್ನಿಯೋ, ಫಿಲಿಪ್ಪೀನ್ಸ್‌ನಲ್ಲೂ ಇದೆ. ಮಗುಚದ ಹಾಗೆ ಪಕ್ಕಕ್ಕೆ ಮರದ ದಿಮ್ಮಿ ಕಟ್ಟಿದ ದೋಣಿ, ಕಮ್ಮಾರರ ಕೊಳವೆ ತಿದಿ, ಇವೂ ಇಂಡೋನೇಷ್ಯಾ ಕಡೆಯವೇ. ಒಂದೊಂದನ್ನೇ ತಗೊಂಡ್ರೆ ಇಬ್ರೂ ಬೇರೆ ಬೇರೆಯಾಗಿ ಕಂಡುಹಿಡಿದಿರಬಹುದಲ್ಲ ಅಂತ ಡೌಟ್ ಬರೋದು ಸಹಜ, ಬರಲೂಬೇಕು. ಆದ್ರೆ ಇಷ್ಟೂ ಭಾಷೆ ಜೊತೆ ಒಂದೇ ದ್ವೀಪದಲ್ಲಿ ಸಿಕ್ಕಿದಾಗ ಕಾಕತಾಳೀಯ ಅನ್ನೋಕಾಗಲ್ಲ.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ಸೋ ಸಾಕ್ಷಿ ಅಂದ್ರೆ ಸುಟ್ಟು ಕರಕಲಾದ ಕಾಳು. ಪೂರ್ವ ಆಫ್ರಿಕಾ ಕರಾವಳಿ ಮತ್ತು ದ್ವೀಪಗಳ 18 ಹಳೇ ನೆಲೆಗಳಲ್ಲಿ ಅಗೆದು ಸಿಕ್ಕ ಧಾನ್ಯಗಳ ಸ್ಟಡಿ 2016ರಲ್ಲಿ ಬಂತು. ಆಫ್ರಿಕಾ ಕರಾವಳೀಲಿ ಬಹುಪಾಲು ಜೋಳ, ಸಜ್ಜೆ ಥರದ ಆಫ್ರಿಕಾ ಬೆಳೆಗಳೇ, ಮಡಗಾಸ್ಕರ್‌ನಲ್ಲಿ ಮತ್ತು ಅದರ ಪಕ್ಕದ ಕೊಮೊರೋಸ್ ದ್ವೀಪಗಳಲ್ಲಿ ಮಾತ್ರ 8ರಿಂದ 10ನೇ ಶತಮಾನದ ಹೊತ್ತಿಗೇ ಅಕ್ಕಿ, ಹೆಸರುಕಾಳು, ಏಷ್ಯಾದ ಹತ್ತಿ. ಇದ್ರಲ್ಲಿ ಕೊಮೊರೋಸ್ ವಿಷ್ಯ ಇನ್ನೂ ಸೋಜಿಗ, ಯಾಕಂದ್ರೆ ಇವತ್ತು ಅಲ್ಲಿನ ಜನ ಮಾತಾಡೋದು ಆಫ್ರಿಕಾದ ಬಾಂಟು ಭಾಷೆ, ಅಲ್ಲಿಗೂ ಏಷ್ಯಾದ ಬೇಸಾಯ ಅಷ್ಟು ಬೇಗ ಮುಟ್ಟಿತ್ತು ಅಂತ ಬರೀ ಭಾಷೆ ನೋಡಿದ್ರೆ ಗೊತ್ತೇ ಆಗ್ತಿರ್ಲಿಲ್ಲ.

ಬಂದವರು ಎಷ್ಟು ಜನ? 2012ರ ಒಂದು ಜೆನೆಟಿಕ್ ಸ್ಟಡಿ ಪ್ರಕಾರ ಸುಮಾರು 1,200 ವರ್ಷದ ಹಿಂದೆ ನೆಲೆಸಿದ ಮೂಲ ಗುಂಪಿನಲ್ಲಿ ಹೆಂಗಸರು 30ರ ಆಸುಪಾಸು, ಹೆಚ್ಚಿನವರು ಇಂಡೋನೇಷ್ಯಾ ಕಡೆಯವರು. ಹಾಗಂತ ಮಲಗಾಸಿ ಜನ ಬರೀ ಏಷ್ಯಾದವರು ಅನ್ಕೋಬೇಡಿ, ಅವರ ವಂಶದಲ್ಲಿ ಆಫ್ರಿಕಾದ ಪಾಲೂ ದೊಡ್ಡದೇ, ಮಡಗಾಸ್ಕರ್‌ನ ದನ ಸಾಕಣೆ ಬಂದಿದ್ದು ಆಫ್ರಿಕಾ ಕಡೆಯಿಂದ.