ಪೆನ್ಸಿಲ್ ಹಿಡಿದು ಚಿತ್ರ ನೋಡಿ

ನನ್ನ ಬಳಿ ಚಿತ್ರ ಕಲಿಯಲು ಬರುವ ದೊಡ್ಡವರಲ್ಲಿ ಹೆಚ್ಚಿನವರು ಎರಡು ಮಾತು ಹೇಳುತ್ತಾರೆ. "ನನಗೆ ಒಂದು ಗೆರೆ ನೆಟ್ಟಗೆ ಎಳೆಯೋಕೂ ಬರಲ್ಲ" ಅನ್ನುವುದು ಒಂದು. "ದೊಡ್ಡ ಕಲಾವಿದರ ಚಿತ್ರ ನೋಡಿದರೆ ಅದರಲ್ಲಿ ಏನಿದೆ ಅಂತಲೇ ಗೊತ್ತಾಗಲ್ಲ" ಅನ್ನುವುದು ಇನ್ನೊಂದು. ಮೊದಲನೆಯದು ಕೈಯ ತೊಂದರೆ, ಎರಡನೆಯದು ತಿಳಿವಳಿಕೆಯ ತೊಂದರೆ ಅಂತ ಅವರ ಲೆಕ್ಕ. ಇಷ್ಟು ವರ್ಷ ಕಲಿಸಿದ ಮೇಲೆ ನನಗೆ ಹಾಗನಿಸುವುದಿಲ್ಲ. ಎರಡೂ ಕಣ್ಣಿನ ತೊಂದರೆಯೇ. ಅದಕ್ಕೇ ಬರೆಯುವುದನ್ನೂ ನೋಡುವುದನ್ನೂ ನಾನು ಬೇರೆ ಬೇರೆಯಾಗಿ ಕಲಿಸುವುದಿಲ್ಲ.

ಕೈಯ ವಿಷಯ ಮೊದಲು ಮುಗಿಸೋಣ. ಸಹಿ ಹಾಕಲು, ಸೂಜಿಗೆ ದಾರ ಪೋಣಿಸಲು ನಿಮಗೆ ಬರುತ್ತದೆ ಅಲ್ವಾ? ಹಾಗಿದ್ದರೆ ಶುರು ಮಾಡಲು ಬೇಕಾದ ಹಿಡಿತ ಬೆರಳುಗಳಲ್ಲಿ ಆಗಲೇ ಇದೆ. ಕೊರತೆ ಇರುವುದು ಬೇರೆ ಕಡೆ.

ಮೇಜಿನ ಮೇಲೆ ಒಂದು ಲೋಟ ಇಟ್ಟು, ಕುರ್ಚಿಯಲ್ಲಿ ಕೂತು ಅದನ್ನು ಬರೆಯಿರಿ. ಹೊಸಬರು ಬರೆದ ಲೋಟಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಾಯಿ ಮೊಟ್ಟೆಯಾಕಾರ, ತಳ ನೇರ ಗೆರೆ. ತಳ ಯಾಕೆ ನೇರ? ಲೋಟ ಸಮತಟ್ಟಾದ ಮೇಜಿನ ಮೇಲೆ ಕೂತಿದೆ ಅಂತ ಅವರಿಗೆ ಗೊತ್ತು. ಗೊತ್ತಿರುವುದನ್ನು ಬರೆದರು, ಕಾಣುವುದನ್ನು ಬಿಟ್ಟರು. ಈಗ ಮತ್ತೆ ನೋಡಿ. ತಳ ಬಾಗಿದೆ. ಅಷ್ಟೇ ಅಲ್ಲ, ಬಾಯಿಗಿಂತ ಜಾಸ್ತಿ ದುಂಡಗೆ ಬಾಗಿದೆ. ನಂಬಿಕೆ ಬರದಿದ್ದರೆ ಲೋಟವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿ. ಬಾಯಿ ಚಪ್ಪಟೆಯಾಗುತ್ತಾ ಹೋಗಿ, ಕಣ್ಣಿನ ಮಟ್ಟಕ್ಕೆ ಬಂದಾಗ ಬರೀ ಒಂದು ಗೆರೆಯಾಗುತ್ತದೆ. ಕೆಳಗಿಳಿಸಿದಷ್ಟೂ ಮತ್ತೆ ತೆರೆದುಕೊಳ್ಳುತ್ತದೆ. ತಳ ಬಾಯಿಗಿಂತ ಕೆಳಗಿದೆ, ಆದ್ದರಿಂದ ಅದು ಜಾಸ್ತಿ ತೆರೆದು ಕಾಣುತ್ತದೆ. "ದಿನಾ ಲೋಟ ಹಿಡಿತೀನಿ, ಇದನ್ನ ನೋಡೇ ಇರಲಿಲ್ಲ" ಅಂತ ಯಾರಾದರೂ ಹೇಳಿದಾಗ ನನಗೆ ಆಗುವ ಖುಷಿ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ. ಆ ಕ್ಷಣದಿಂದ ಅವರ ಕಲಿಕೆ ನಿಜವಾಗಿ ಶುರುವಾಗುತ್ತದೆ.

ಮುಖ ಬರೆಯುವಾಗಲೂ ಹೀಗೇ. ಹೊಸಬರು ಕಣ್ಣುಗಳನ್ನು ತಲೆಯ ತೀರಾ ಮೇಲ್ಭಾಗದಲ್ಲಿ ಇಡುತ್ತಾರೆ. ಕನ್ನಡಿ ಮುಂದೆ ನಿಂತು ಅಳೆದು ನೋಡಿ. ನೆತ್ತಿಯಿಂದ ಗಲ್ಲದ ತುದಿವರೆಗಿನ ಉದ್ದದಲ್ಲಿ ಕಣ್ಣು ಸುಮಾರು ನಡುವಿಗೇ ಬರುತ್ತದೆ. ಕಣ್ಣು, ಮೂಗು, ಬಾಯಿ ನಮಗೆ ಮುಖ್ಯ. ಹಣೆ ಮತ್ತು ತಲೆಯ ಮೇಲ್ಭಾಗದ ಕಡೆ ಗಮನವೇ ಹೋಗುವುದಿಲ್ಲ. ಗಮನ ಕೊಡದ ಜಾಗ ಹಾಳೆಯ ಮೇಲೆ ಕುಗ್ಗಿಹೋಗುತ್ತದೆ.

ಹಾಗಾದರೆ ಗೊತ್ತಿರುವುದನ್ನು ಬದಿಗಿಟ್ಟು ಕಾಣುವುದನ್ನು ಹಿಡಿಯುವುದು ಹೇಗೆ? ನನಗೆ ತುಂಬಾ ಇಷ್ಟವಾದ ಅಭ್ಯಾಸ ಕುರ್ಚಿಯದು. ಕುರ್ಚಿಯನ್ನು ಬರೆಯಬೇಡಿ. ಅದರ ಕಾಲುಗಳ ನಡುವೆ, ಬೆನ್ನಿನ ಪಟ್ಟಿಗಳ ನಡುವೆ ಕಾಣುವ ಖಾಲಿ ಜಾಗಗಳ ಆಕಾರವನ್ನಷ್ಟೇ ಬರೆಯಿರಿ. ಕುರ್ಚಿ ಹೇಗಿರಬೇಕು ಅಂತ ತಲೆಯಲ್ಲಿ ಒಂದು ಚಿತ್ರ ಮೊದಲೇ ಇರುತ್ತದೆ. ಖಾಲಿ ಜಾಗಕ್ಕೆ ಅಂಥ ಚಿತ್ರ ಇಲ್ಲ. ಆದ್ದರಿಂದ ಕಣ್ಣು ಅನಿವಾರ್ಯವಾಗಿ ಕೆಲಸ ಮಾಡುತ್ತದೆ. ಎಲ್ಲ ಖಾಲಿ ಜಾಗ ಮುಗಿಸಿದಾಗ ಕುರ್ಚಿ ತಾನಾಗಿಯೇ ಮೂಡಿರುತ್ತದೆ, ಅದೂ ನೇರವಾಗಿ ಬರೆದದ್ದಕ್ಕಿಂತ ಸರಿಯಾಗಿ. ಒಂದು ರೇಖಾಚಿತ್ರವನ್ನು ತಲೆಕೆಳಗಾಗಿಟ್ಟು ನಕಲು ಮಾಡುವುದರ ಹಿಂದೆಯೂ ಇದೇ ಯುಕ್ತಿ ಇದೆ. ಇದು ಕಣ್ಣು, ಇದು ಕಿವಿ ಅಂತ ಮನಸ್ಸು ಹೆಸರಿಡುವುದನ್ನು ಬಿಟ್ಟರೆ ಗೆರೆ ಗೆರೆಯಾಗಿ ಕಾಣುತ್ತದೆ.

ಅಳತೆಗೆ ಪೆನ್ಸಿಲ್ ಸಾಕು. ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಜಾರಿಸಿ ಅಗಲ ಎತ್ತರ ಹೋಲಿಸಿ. ಮೊಣಕೈ ಮಡಚಿದರೆ ಅಳತೆ ಬದಲಾಗುತ್ತದೆ, ಅದೊಂದು ಎಚ್ಚರ ಇರಲಿ. ಇದನ್ನು ಮೋಸ ಅಂತ ಕೆಲವರು ಅಂದುಕೊಳ್ಳುತ್ತಾರೆ. ಆದರೆ ಕಲಾವಿದ ವಿನ್ಸೆಂಟ್ ವ್ಯಾನ್ ಗೋ ಕೂಡ 1882ರಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿದ್ದಾಗ, ಚೌಕಟ್ಟಿಗೆ ದಾರಗಳನ್ನು ಕಟ್ಟಿದ ಒಂದು ಸಾಧನ ಮಾಡಿಸಿಕೊಂಡು ಅದರ ಮೂಲಕ ನೋಡಿ ಬರೆಯುತ್ತಿದ್ದರು.

ಈಗ ದೊಡ್ಡ ಚಿತ್ರಗಳ ಕಡೆ ಬರೋಣ. ಡಚ್ ಕಲಾವಿದ ಯೋಹಾನೆಸ್ ವರ್ಮೀರ್ 1665ರ ಸುಮಾರಿಗೆ ಬರೆದ 'ಮುತ್ತಿನ ಓಲೆಯ ಹುಡುಗಿ' ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಫೋನಿನಲ್ಲಿ ಅದನ್ನು ತೆರೆದು ಮುತ್ತಿನ ಮೇಲೆ ದೊಡ್ಡದು ಮಾಡಿ. ದುಂಡನೆಯ ಮುತ್ತಿಗೆ ಸುತ್ತ ಗೆರೆ ಇಲ್ಲ. ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ. ಮೇಲೆ ಒಂದು ದಟ್ಟ ಬಿಳಿ ಚುಕ್ಕೆ, ಕೆಳಗೆ ಬಿಳಿ ಕಾಲರಿನಿಂದ ಬಿದ್ದ ಮಂದ ಬೆಳಕು. ಅಷ್ಟೇ. ಉಳಿದ ಮುತ್ತನ್ನು ನಮ್ಮ ಕಣ್ಣೇ ಕಟ್ಟಿಕೊಂಡಿದೆ. ಈಗ ಮೂಗು ನೋಡಿ. ಬೆಳಕು ಬಿದ್ದ ಬದಿಯಲ್ಲಿ ಮೂಗು ಎಲ್ಲಿ ಮುಗಿಯಿತು, ಅದರಾಚೆಯ ಕೆನ್ನೆ ಎಲ್ಲಿ ಶುರುವಾಯಿತು ಅಂತ ಹುಡುಕಿ. ಅಲ್ಲಿ ಗಡಿಯೇ ಇಲ್ಲ. ಎರಡೂ ಒಂದೇ ಬಣ್ಣ.

ಮೂಗಿನ ಔಟ್‌ಲೈನ್ ಎಳೆಯಲು ಒಮ್ಮೆಯಾದರೂ ಒದ್ದಾಡಿದವರಿಗೆ ಇದು ಎಂಥ ಧೈರ್ಯ ಅಂತ ತಟ್ಟನೆ ಹೊಳೆಯುತ್ತದೆ. ಒದ್ದಾಡದವರಿಗೆ ಅದು ಬರೀ ಒಂದು ಚೆಂದದ ಮುಖ. ಚಿತ್ರ 'ಅರ್ಥವಾಗುವುದು' ಅಂದರೆ ನನ್ನ ಮಟ್ಟಿಗೆ ಬಹುಪಾಲು ಇದೇ. ಎದುರಿಗಿರುವ ಮನುಷ್ಯ ಯಾವ ಕಷ್ಟಕ್ಕೆ ಯಾವ ದಾರಿ ಹುಡುಕಿದ ಅಂತ ಕಾಣಿಸುವುದು. ಇತಿಹಾಸ, ಪಂಥಗಳ ಹೆಸರು, ಇಸವಿಗಳು ಆಮೇಲೆ ಬರಲಿ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕಲಾಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ ಸುಮಾರು 27 ಸೆಕೆಂಡು. ಅದರಲ್ಲಿ ಗೋಡೆಯ ಮೇಲಿನ ಚೀಟಿ ಓದುವ ಸಮಯವೂ ಸೇರಿದೆ. ಅಷ್ಟರಲ್ಲಿ ಚಿತ್ರದಲ್ಲಿ ಏನಿದೆ ಅಂತ ತಿಳಿಯಬಹುದು. ಹೇಗೆ ಕಟ್ಟಿದ್ದಾರೆ ಅಂತ ತಿಳಿಯುವುದಿಲ್ಲ. "ಇನ್ನೂ ಸ್ವಲ್ಪ ಹೊತ್ತು ನೋಡಿ" ಅಂತ ಹೇಳಿದರೂ ಪ್ರಯೋಜನವಿಲ್ಲ. ಸುಮ್ನೆ ನಿಂತರೆ ಮನಸ್ಸು ಬೇರೆಲ್ಲೋ ಹೋಗುತ್ತದೆ. ಕೈಗೆ ಕೆಲಸ ಕೊಡಬೇಕು.

ಹೀಗೆ ಮಾಡಿ. ಒಂದು ಚಿತ್ರ ಆರಿಸಿಕೊಳ್ಳಿ. ಹಾಳೆಯ ಮೇಲೆ ಅಂಗೈಗಿಂತ ಚಿಕ್ಕದಾಗಿ ಒಂದು ಚೌಕಟ್ಟು ಹಾಕಿ, ಅದರ ಅಗಲ ಎತ್ತರದ ಲೆಕ್ಕ ಮೂಲ ಚಿತ್ರದಂತೆಯೇ ಇರಲಿ. ಕಣ್ಣನ್ನು ಅರ್ಧ ಮುಚ್ಚಿ ಚಿತ್ರ ನೋಡಿ. ವಿವರ ಎಲ್ಲ ಕರಗಿ ದೊಡ್ಡ ಕಪ್ಪು, ದೊಡ್ಡ ಬಿಳಿ, ನಡುವಿನ ಬೂದು ಮಾತ್ರ ಉಳಿಯುತ್ತವೆ. ಆ ಮೂರನ್ನೇ ಚೌಕಟ್ಟಿನಲ್ಲಿ ತುಂಬಿ. ಕಣ್ಣು ಮೂಗು ಎಲೆ ಬೆರಳು ಯಾವುದೂ ಬೇಡ. ಐದು ನಿಮಿಷದ ಕೆಲಸ.

ಜಪಾನಿನ ಹೊಕುಸಾಯಿಯ 'ಕನಗಾವಾದ ಮಹಾ ಅಲೆ'ಯನ್ನು ಹೀಗೆ ಬರೆಯಲು ಕೊಡುತ್ತೇನೆ. 1831ರ ಸುಮಾರಿನ ಮರದಚ್ಚಿನ ಮುದ್ರಣ, ಅಗಲ ಸುಮಾರು 37 ಸೆಂಟಿಮೀಟರ್. ಮೊದಲು ಎಲ್ಲರಿಗೂ ಅಲೆ ಮಾತ್ರ ಕಾಣುತ್ತದೆ. ಬರೆಯತೊಡಗಿದಾಗ ಚಿತ್ರದ ನಡುವೆ ದೊಡ್ಡದೊಂದು ತಗ್ಗು ಇರುವುದು ತಿಳಿಯುತ್ತದೆ. ಆ ತಗ್ಗಿನ ತಳದಲ್ಲಿ ಚಿಕ್ಕದಾಗಿ ಫ್ಯೂಜಿ ಪರ್ವತ. ಮುಂದಿನ ಒಂದು ಸಣ್ಣ ಅಲೆಗೂ ಅದೇ ಪರ್ವತದ ಆಕಾರ. ಆಮೇಲೆ ಮೂರು ದೋಣಿಗಳು, ಅವುಗಳಲ್ಲಿ ತಲೆ ತಗ್ಗಿಸಿ ಕೂತ ಜನ. ಚಿತ್ರವನ್ನು ನೂರು ಸಲ ನೋಡಿದವರೂ ದೋಣಿಗಳನ್ನು ಆಗಲೇ ಮೊದಲು ಕಾಣುವುದುಂಟು.

ಯಾವ ವಸ್ತುವನ್ನೂ ತೋರಿಸದ ಅಮೂರ್ತ ಚಿತ್ರಕ್ಕೂ ಇದೇ ದಾರಿ. ಡಚ್ ಕಲಾವಿದ ಪೀಟ್ ಮೊಂಡ್ರಿಯಾನ್ 1930ರಲ್ಲಿ ಬರೆದ ಕೆಂಪು, ನೀಲಿ, ಹಳದಿಯ ಸಂಯೋಜನೆಯಲ್ಲಿ ಮೇಲೆ ಬಲಕ್ಕೆ ಭಾರೀ ಕೆಂಪು ಚೌಕ, ಕೆಳಗೆ ಎಡಕ್ಕೆ ಚಿಕ್ಕ ನೀಲಿ, ಬಲ ಮೂಲೆಯಲ್ಲಿ ಚೂರು ಹಳದಿ. "ಇದನ್ನು ಯಾರು ಬೇಕಾದರೂ ಮಾಡಬಹುದು" ಅನ್ನುವವರಿಗೆ ನಾನು ವಾದ ಮಾಡುವುದಿಲ್ಲ. ನೀಲಿಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ನೋಡಲು ಹೇಳುತ್ತೇನೆ. ಇಡೀ ಚಿತ್ರ ಬಲಕ್ಕೆ ವಾಲುತ್ತದೆ. ನಂತರ ಹಾಳೆಯ ಮೇಲೆ ಆ ಕಪ್ಪು ಗೆರೆಗಳಲ್ಲಿ ಒಂದನ್ನು ಸ್ವಲ್ಪ ಸರಿಸಿ ಬರೆದು ನೋಡಲಿ. ಅದಾದ ಮೇಲೂ ಇಷ್ಟವಾಗದಿದ್ದರೆ ಖಂಡಿತ ಹಾಗೇ ಹೇಳಲಿ. ನೋಡಿ ಹೇಳಿದ 'ಇಷ್ಟ ಇಲ್ಲ' ನನಗೆ ತುಂಬಾ ಬೆಲೆಯ ಮಾತು.

ನಕಲು ಮಾಡುವುದು ತಪ್ಪಲ್ಲವೇ ಅಂತ ಕೇಳುವವರು ತುಂಬಾ ಜನ. ಕಲಿಯಲು ಮಾಡುವ ನಕಲು ತಪ್ಪಲ್ಲ. ನನ್ನದು ಅಂತ ತೋರಿಸಿದರೆ ತಪ್ಪು. ವ್ಯಾನ್ ಗೋ ಕಲಾವಿದನಾಗಲು ತೀರ್ಮಾನಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಶಾರ್ಲ್ ಬಾರ್ಗ್ ಎಂಬವರ ಅಭ್ಯಾಸದ ಹಾಳೆಗಳನ್ನು ಒಂದೊಂದಾಗಿ ನಕಲು ಮಾಡಿ ಕೈ ಪಳಗಿಸಿಕೊಂಡರು. ಹತ್ತು ವರ್ಷದ ನಂತರ, ಬದುಕಿನ ಕೊನೆಯ ವರ್ಷದಲ್ಲೂ ಫ್ರೆಂಚ್ ಕಲಾವಿದ ಮಿಲೆಯ ಚಿತ್ರಗಳನ್ನು ಕಪ್ಪು ಬಿಳುಪು ಮುದ್ರಣಗಳಿಂದ ತಮ್ಮ ಬಣ್ಣದಲ್ಲಿ ಬರೆಯುತ್ತಿದ್ದರು. ಪಿಕಾಸೊ 1957ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಸ್ಪೇನಿನ ಹಳೆಯ ಕಲಾವಿದ ವೆಲಾಸ್ಕೆಸ್‌ನ 1656ರ 'ಲಾಸ್ ಮೆನಿನಾಸ್' ಚಿತ್ರವನ್ನು ಎದುರಿಗಿಟ್ಟುಕೊಂಡಂತೆ 58 ಚಿತ್ರಗಳ ಒಂದು ಸರಣಿ ಮಾಡಿದರು. ಅವರು ಹುಡುಕುತ್ತಿದ್ದದ್ದು ಹೋಲಿಕೆಯನ್ನಲ್ಲ.

ನೋಡುವುದು ಕಣ್ಣಿನಿಂದಷ್ಟೇ ಆಗಬೇಕೆಂದೂ ಇಲ್ಲ. ಕಲಾವಿದ ಕೆ. ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳಲ್ಲಿ ಕೆಲವೇ ಗೆರೆ ಇರುತ್ತವೆ, ಆದರೂ ಇಡೀ ಮೈ ತಿರುಗುತ್ತಿರುವುದು ಗೊತ್ತಾಗುತ್ತದೆ. ನೃತ್ಯದ ಲಯ ತಿಳಿಯಲೆಂದು ಅವರು ಕಥಕ್ ಕಲಿತಿದ್ದರು. ಆ ಗೆರೆಗಳನ್ನು ಪೆನ್ಸಿಲಿನಲ್ಲಿ ಹಿಂಬಾಲಿಸಿ ನೋಡಿ. ಗೆರೆ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು ಅನ್ನುವುದರಲ್ಲೇ ಮೈಯ ಭಾರ ಯಾವ ಕಾಲಿನ ಮೇಲಿದೆ ಅಂತ ತಿಳಿಯುತ್ತದೆ.

ನೆರಳು ಬೆಳಕಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇಲ್ಲಿ ಕಣ್ಣು ನಮ್ಮನ್ನು ಜಾಸ್ತಿ ಮೋಸಗೊಳಿಸುತ್ತದೆ. ದೃಷ್ಟಿಯ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ ಎಡ್ವರ್ಡ್ ಆಡೆಲ್ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರ ಹುಡುಕಿ ನೋಡಿ. ನೆರಳಿನಲ್ಲಿರುವ 'ಬಿಳಿ' ಮನೆ, ಬೆಳಕಿನಲ್ಲಿರುವ 'ಕಪ್ಪು' ಮನೆ ಎರಡೂ ಒಂದೇ ಬೂದು ಬಣ್ಣ. ಎಷ್ಟು ಸಲ ನೋಡಿದರೂ ಹಾಗೆ ಕಾಣುವುದಿಲ್ಲ. ಬಿಳಿ ಗೋಡೆಯ ನೆರಳಿನ ಭಾಗವನ್ನು ಹೊಸಬರು ಬಿಳಿಯಾಗಿಯೇ ಬಿಡುವುದು ಇದರಿಂದಲೇ. ಬಣ್ಣಕ್ಕೂ ಇದು ಅನ್ವಯಿಸುತ್ತದೆ. ಪ್ಯಾರಿಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಳ ಹೊಣೆ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಕಪ್ಪು ದಾರ ಸಾಕಷ್ಟು ಕಪ್ಪಗಿಲ್ಲ ಅನ್ನುವ ದೂರು ಬಂತು. ಪರೀಕ್ಷಿಸಿದರೆ ದಾರ ಸರಿಯಾಗೇ ಇತ್ತು. ಪಕ್ಕದಲ್ಲಿ ನೇಯ್ದ ನೀಲಿ ಅದನ್ನು ಮಂಕಾಗಿಸುತ್ತಿತ್ತು. ಪಕ್ಕದ ಬಣ್ಣ ಹೇಗೆ ಬಣ್ಣವನ್ನು ಬದಲಿಸುತ್ತದೆ ಅಂತ ಅವರು 1839ರಲ್ಲಿ ವಿವರವಾಗಿ ಬರೆದರು. ಆದ್ದರಿಂದ ಬಣ್ಣವನ್ನು ಒಂಟಿಯಾಗಿ ನೋಡಬೇಡಿ, ಪಕ್ಕದ್ದಕ್ಕೆ ಹೋಲಿಸಿ ನೋಡಿ. ಹಾಳೆಯಲ್ಲಿ ಚಿಕ್ಕ ತೂತು ಮಾಡಿ ಅದರ ಮೂಲಕ ಗೋಡೆ ನೋಡಿದರೆ ನೆರಳು ಎಷ್ಟು ಗಾಢ ಅಂತ ಕೂಡಲೇ ತಿಳಿಯುತ್ತದೆ.

ಸಾಮಾನಿನ ಮಾತು ಚಿಕ್ಕದು. ಎಚ್‌ಬಿ, 2ಬಿ, 6ಬಿ ಪೆನ್ಸಿಲ್ (ಬಿ ಮುಂದಿನ ಅಂಕಿ ಹೆಚ್ಚಿದಷ್ಟೂ ಗೆರೆ ಕಪ್ಪು), ಒಂದಿಷ್ಟು ಮಾಮೂಲಿ ಹಾಳೆ. ಮೊದಲ ಕೆಲವು ವಾರ ರಬ್ಬರ್ ದೂರವಿಡಿ. ತಪ್ಪಿದ ಗೆರೆ ಹಾಳೆಯ ಮೇಲಿದ್ದರೆ ತಾನೇ ಸರಿಯಾದ ಗೆರೆ ಎಲ್ಲಿ ಬರಬೇಕು ಅಂತ ಅಳೆಯಲು ಆಗುವುದು? ಇನ್ನೊಂದು ಮಾತು. 'ಐದು ಹೆಜ್ಜೆಯಲ್ಲಿ ಕಣ್ಣು ಬರೆಯಿರಿ' ಥರದ ವಿಡಿಯೊಗಳಿಂದ ನಾನು ಹೊಸಬರನ್ನು ದೂರ ಇಡುತ್ತೇನೆ. ಅವು ಕಲಿಸುವುದು ಯಾರದೋ ಒಂದು ಸಿದ್ಧ ಕಣ್ಣನ್ನು. ನಿಮ್ಮ ಎದುರಿಗೆ ಕೂತವರ ಕಣ್ಣು ಹಾಗಿರುವುದಿಲ್ಲ.

ಚಿತ್ರವನ್ನು ಪರದೆಯ ಮೇಲೆ ನೋಡುವಾಗ ಅದರ ಅಳತೆ ತಪ್ಪದೆ ಓದಿ. ಫೋನಿನಲ್ಲಿ ಎಲ್ಲವೂ ಒಂದೇ ಗಾತ್ರ. 'ಮೋನಾಲಿಸಾ' 77 ಸೆಂಟಿಮೀಟರ್ ಎತ್ತರ, 53 ಅಗಲ. ಪಿಕಾಸೊನ 1937ರ 'ಗರ್ನಿಕಾ' ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ಅದರಲ್ಲಿರುವ ಕುದುರೆಯ ಕಿರುಚಾಟ ನಿಮ್ಮ ತಲೆಯ ಮೇಲಿಂದ ಬರುತ್ತದೆ. ಗೋಡೆಯ ಮೇಲೆ ಟೇಪ್ ಹಿಡಿದು ಆ ಅಳತೆ ಗುರುತು ಮಾಡಿ, ಮುಂದೆ ನಿಂತು ನೋಡಿ.

ಬಣ್ಣ ಯಾವಾಗ ಶುರು ಮಾಡಬೇಕು ಅಂತ ಕೇಳುತ್ತೀರಿ. ಬರೀ ಪೆನ್ಸಿಲಿನಲ್ಲಿ ಕಪ್ಪು, ಬೂದು, ಬಿಳಿ ಬೇರ್ಪಡಿಸಲು ಬಂದ ಮೇಲೆ. ಆಗಲೂ ದೊಡ್ಡ ಡಬ್ಬಿ ಬೇಡ. ಜಲವರ್ಣದಲ್ಲಿ ಎರಡೇ ಬಣ್ಣ ತೆಗೆದುಕೊಳ್ಳಿ: ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ಎರಡನ್ನೂ ಸರಿಯಾಗಿ ಬೆರೆಸಿದರೆ ಕಪ್ಪಿಗೆ ತೀರಾ ಹತ್ತಿರದ ಬಣ್ಣ ಬರುತ್ತದೆ. ನೀಲಿ ಜಾಸ್ತಿಯಾದರೆ ತಣ್ಣನೆಯ ಬೂದು, ಕಂದು ಜಾಸ್ತಿಯಾದರೆ ಬೆಚ್ಚನೆಯ ಬೂದು. ನೀರು ಹೆಚ್ಚಿಸಿದಷ್ಟೂ ತಿಳಿ. ಬಿಳಿಗೆ ಹಾಳೆಯನ್ನೇ ಬಿಡಿ. ಮೊದಲು ಅದೇ ಲೋಟವನ್ನು ಕಿಟಕಿಯ ಪಕ್ಕ ಇಟ್ಟು ಬರೆಯಿರಿ. ಬೆಳಕಿನ ಬದಿ ಬೆಚ್ಚಗೋ ತಣ್ಣಗೋ, ನೆರಳಿನ ಬದಿ ಬೆಚ್ಚಗೋ ತಣ್ಣಗೋ ಅಂತ ನೋಡಿಯೇ ತೀರ್ಮಾನಿಸಿ. ಬೆಳಗ್ಗೆ ಬಂದ ಉತ್ತರ ಸಂಜೆಗೆ ಬೇರೆ ಇರಬಹುದು, ಆಗ ಇನ್ನೊಂದು ಹಾಳೆ ತೆಗೆದುಕೊಳ್ಳಿ.